ಧ್ಯಾನಕ್ಕೆ ಕೂತರೆ ಗ್ಯಾಸ್ ಸಿಲಿಂಡರ್ ನೆನಪಾಗುತ್ತದೆ, ಏನು ಮಾಡಲಿ?

ನಾನು ಮೊದಲ ಸಲ ಧ್ಯಾನಕ್ಕೆ ಕೂತ ಬೆಳಿಗ್ಗೆ ಇನ್ನೂ ನೆನಪಿದೆ. ಸ್ನಾನ ಆಗಿತ್ತು, ಚಾಪೆ ಹಾಸಿದ್ದೆ, ಊದುಬತ್ತಿಯನ್ನೂ ಹಚ್ಚಿದ್ದೆ. ಕಣ್ಣು ಮುಚ್ಚಿ ಒಂದು ನಿಮಿಷ ಆಗಿರಲಿಲ್ಲ, ಗ್ಯಾಸ್ ಬುಕ್ ಮಾಡಿಲ್ಲ ಎಂದು ನೆನಪಾಯಿತು. ಅಲ್ಲಿಂದ ಸಿಲಿಂಡರ್ ತರುವ ಹುಡುಗನಿಗೆ ಕೊಡಬೇಕಾದ ಚಿಲ್ಲರೆ. ಚಿಲ್ಲರೆಯಿಂದ ಹಿಂದಿನ ದಿನ ಆಟೋದವನ ಜೊತೆ ಆದ ಜಗಳ. ಆ ಜಗಳದಲ್ಲಿ ನಾನು ಹೇಳಬೇಕಾಗಿದ್ದ, ಆದರೆ ಆಗ ಹೊಳೆಯದೇ ಹೋದ ಒಂದು ಮಾತು. ಅದನ್ನು ಮನಸ್ಸಿನಲ್ಲೇ ಮೂರು ಸಲ ಹೇಳಿ ಆಟೋದವನ ಬಾಯಿ ಮುಚ್ಚಿಸಿದೆ. ಕಣ್ಣು ಬಿಟ್ಟು ನೋಡಿದರೆ ಊದುಬತ್ತಿ ಅರ್ಧ ಮುಗಿದಿತ್ತು. ಇದೆಲ್ಲ ನಮ್ಮಂಥವರಿಗಲ್ಲ ಎಂದು ಚಾಪೆ ಸುತ್ತಿಟ್ಟೆ. ಮತ್ತೆ ಬಿಚ್ಚಿದ್ದು ಎರಡು ವರ್ಷ ಕಳೆದ ಮೇಲೆ.

ತುಂಬ ಜನ ಹೀಗೇ ಬಿಡುತ್ತಾರೆ. ಧ್ಯಾನ ಎಂದರೆ ತಲೆಯೊಳಗೆ ಒಂದೂ ಯೋಚನೆ ಇರಬಾರದು, ಕ್ಯಾಲೆಂಡರ್ ಚಿತ್ರದ ಋಷಿಯ ಹಾಗೆ ಮುಖದಲ್ಲಿ ತೇಜಸ್ಸು ಬರಬೇಕು ಎಂದುಕೊಂಡಿರುತ್ತೇವೆ. ಯೋಚನೆ ಬಂದ ತಕ್ಷಣ ಸೋತೆವು ಎನಿಸುತ್ತದೆ. ಇದು ತಪ್ಪು ಎಂದು ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಯೋಚನೆ ಬರುತ್ತದೆ, ಬಂದೇ ಬರುತ್ತದೆ. ಮನಸ್ಸು ಅದರ ಹಿಂದೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ "ಅಯ್ಯೋ, ಎಲ್ಲಿಗೋ ಹೋಗಿಬಿಟ್ಟೆನಲ್ಲ" ಎಂದು ಗೊತ್ತಾಗುತ್ತದೆ. ನಾವು ಕೂರುವುದೇ ಆ ಒಂದು ಕ್ಷಣಕ್ಕಾಗಿ.

ಇದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ. ಆದರೆ ಬರೀ ನಾನು ಹೇಳಿದೆ ಎಂದು ಒಪ್ಪಬೇಡಿ. ಮನಸ್ಸು ಯಾಕೆ ಓಡುತ್ತದೆ ಎಂದು ಮೊದಲು ನೋಡೋಣ.

ಸುಮ್ಮನಿದ್ದಾಗಲೇ ಜಾಸ್ತಿ ಗದ್ದಲ

ಮನಸ್ಸು ಓಡುತ್ತದೆ ಎನ್ನುವ ದೂರು ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ. ಭಗವದ್ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಕೃಷ್ಣನ ಹತ್ತಿರ ಇದನ್ನೇ ಹೇಳಿಕೊಳ್ಳುತ್ತಾನೆ. ಗಾಳಿಯನ್ನು ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟವೋ ಮನಸ್ಸನ್ನು ಹಿಡಿಯುವುದೂ ಅಷ್ಟೇ ಕಷ್ಟ ಎನ್ನುತ್ತಾನೆ. ನಮ್ಮ ಬಸವಣ್ಣನವರು 12ನೇ ಶತಮಾನದಲ್ಲಿ ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿದ್ದಾರೆ. ಅವರಿಗೆ ವಾಟ್ಸ್ಆ್ಯಪ್ ಇರಲಿಲ್ಲ, ಟ್ರಾಫಿಕ್ ಇರಲಿಲ್ಲ. ಕೋತಿ ಮಾತ್ರ ಇದೇ ಕೋತಿ.

ಮೆದುಳಿನ ಸ್ಕ್ಯಾನ್ ನೋಡುವವರು ಬಹಳ ಕಾಲ ಅಂದುಕೊಂಡಿದ್ದೇ ಬೇರೆ. ಕೆಲಸ ಕೊಟ್ಟರೆ ಮೆದುಳು ಚುರುಕಾಗುತ್ತದೆ, ಕೆಲಸ ಇಲ್ಲದಿದ್ದರೆ ತಣ್ಣಗಿರುತ್ತದೆ ಎಂದು ಅವರ ಲೆಕ್ಕ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಅವರ ಸಂಗಡಿಗರು ಈ ಲೆಕ್ಕ ತಪ್ಪು ಎಂದು ತೋರಿಸಿದರು. ಸ್ಕ್ಯಾನರ್ ಒಳಗೆ ಮಲಗಿದವರಿಗೆ ಏನೂ ಕೆಲಸ ಕೊಡದೆ ಸುಮ್ನೆ ಬಿಟ್ಟಾಗ ಮೆದುಳಿನ ಕೆಲವು ಭಾಗಗಳು ಇನ್ನಷ್ಟು ಚುರುಕಾಗುತ್ತಿದ್ದವು. 2001ರಲ್ಲಿ ಅವರು ಇದಕ್ಕೆ 'ಡಿಫಾಲ್ಟ್ ಮೋಡ್' ಎಂದು ಹೆಸರಿಟ್ಟರು. ಹಳೆಯದನ್ನು ಮೆಲುಕು ಹಾಕುವುದು, ನಾಳೆಯದನ್ನು ಊಹಿಸುವುದು, ನೆಂಟರು ನನ್ನ ಬಗ್ಗೆ ಏನಂದುಕೊಂಡರೋ ಎಂದು ಗುಣಿಸಿ ಭಾಗಿಸುವುದು, ಇಂಥ ಹೊತ್ತಿನಲ್ಲೆಲ್ಲ ಈ ಭಾಗಗಳ ಜಾಲ ಎದ್ದು ಕೂರುತ್ತದೆ. ಸಿಗ್ನಲ್‌ನಲ್ಲಿ ಬೈಕು ನ್ಯೂಟ್ರಲ್‌ಗೆ ಹಾಕಿ ನಿಂತರೂ ಎಂಜಿನ್ ಓಡುತ್ತಲೇ ಇರುತ್ತದಲ್ಲ, ಹಾಗೆ.

ಹಾಗಂತ ಇದೇನೂ ರೋಗವಲ್ಲ. ಮಗಳ ಶಾಲೆಗೆ ಫೀಸು ಕಟ್ಟಲು ನಾಳೆಯೇ ಕೊನೆ ಎಂದು ತರಕಾರಿ ಹೆಚ್ಚುವಾಗ ಥಟ್ಟನೆ ನೆನಪಾಗುವುದೂ ಮನಸ್ಸು ಹೀಗೆ ಅಲೆಯುವುದರಿಂದಲೇ. ತೊಂದರೆ ಏನೆಂದರೆ, ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ.

ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಚಂದದ ಪ್ರಯೋಗದ ಫಲ ಪ್ರಕಟಿಸಿದರು. 2,250 ಜನರ ಫೋನಿಗೆ ದಿನದಲ್ಲಿ ಆಗೊಮ್ಮೆ ಈಗೊಮ್ಮೆ ಪ್ರಶ್ನೆ ಬರುತ್ತಿತ್ತು. ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಅದರಲ್ಲೇ ಇದೆಯೋ, ಬೇರೆ ಕಡೆ ಇದೆಯೋ? ಹೇಗನ್ನಿಸುತ್ತಿದೆ? 46.9% ಸಲ ಮನಸ್ಸು ಬೇರೆ ಕಡೆ ಇತ್ತು. ಅಂದರೆ ಎಚ್ಚರವಾಗಿರುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ. ಮನಸ್ಸು ಅಲೆಯುತ್ತಿದ್ದಾಗ ಜನ ಅಷ್ಟು ಖುಷಿಯಾಗಿಯೂ ಇರಲಿಲ್ಲ. ಒಳ್ಳೆಯ ವಿಷಯದ ಕಡೆ ಅಲೆದಿದ್ದರೂ ಕೈಯಲ್ಲಿರುವ ಕೆಲಸದಲ್ಲಿ ಮನಸ್ಸು ಇದ್ದಾಗಿನದಕ್ಕಿಂತ ಹೆಚ್ಚಿನ ಖುಷಿಯೇನೂ ಸಿಕ್ಕಿರಲಿಲ್ಲ.

ಹಾಗಾದರೆ ಯೋಚನೆಯನ್ನು ಒತ್ತಿ ಹಿಡಿದರೆ ಆಯಿತಲ್ಲ ಎನಿಸಬಹುದು. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದು ವೈದ್ಯ ಹೇಳಿದ ಕಥೆ ನೀವು ಕೇಳಿಯೇ ಇರುತ್ತೀರಿ. ಅದುವರೆಗೆ ಎಂದೂ ಕೋತಿಯನ್ನು ನೆನೆಯದವನಿಗೆ ಲೋಟ ಎತ್ತಿದಾಗೆಲ್ಲ ಕೋತಿಯೇ ಕಾಣಿಸಿತಂತೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಃಶಾಸ್ತ್ರಜ್ಞ ಇದನ್ನೇ ಪ್ರಯೋಗಾಲಯದಲ್ಲಿ ಮಾಡಿ ನೋಡಿದರು. ಕೋತಿಯ ಬದಲು ಬಿಳಿ ಕರಡಿ, ಅಷ್ಟೇ. 5 ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಜನ ಮತ್ತೆ ಮತ್ತೆ ಗಂಟೆ ಬಾರಿಸಿದರು. ಆಮೇಲೆ, ಈಗ ನೆನೆಯಬಹುದು ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಕಾರಣ ಸರಳ. ಕರಡಿ ಬಂತೇ ಎಂದು ಕಾಯಲು ಮನಸ್ಸಿನ ಒಂದು ಮೂಲೆ ಕರಡಿಯನ್ನು ನೆನಪಿಟ್ಟುಕೊಳ್ಳಲೇಬೇಕು.

ಕಣ್ಣು ಮುಚ್ಚಿ "ಯೋಚನೆ ಬರಬಾರದು" ಎಂದು ಹಲ್ಲು ಕಚ್ಚಿ ಕೂತವರ ಪಾಡು ಇದೇ.

ಕರು, ಗೂಟ, ಹಗ್ಗ

ಹಾಗಾದರೆ ಮಾಡುವುದೇನು? ಇದಕ್ಕೆ ನನಗೆ ತುಂಬ ಇಷ್ಟವಾದ ಹೋಲಿಕೆ 5ನೇ ಶತಮಾನದ್ದು. ಬುದ್ಧಘೋಷ ಎಂಬ ಬೌದ್ಧ ಪಂಡಿತ ಶ್ರೀಲಂಕಾದಲ್ಲಿ ಇದ್ದುಕೊಂಡು ಬರೆದ ವಿಶುದ್ಧಿಮಗ್ಗದಲ್ಲಿ ಅದು ಬರುತ್ತದೆ. ಕಾಡು ಹಸುವಿನ ಹಾಲು ಕುಡಿದು ಬೆಳೆದ ಕರುವನ್ನು ಪಳಗಿಸಬೇಕು. ಗೋವಳ ಏನು ಮಾಡುತ್ತಾನೆ? ಅದನ್ನು ತಾಯಿಯಿಂದ ಬೇರೆ ಮಾಡಿ, ಗಟ್ಟಿಯಾದ ಗೂಟ ನೆಟ್ಟು, ಹಗ್ಗದಲ್ಲಿ ಕಟ್ಟುತ್ತಾನೆ. ಕರು ಆ ಕಡೆ ಜಗ್ಗುತ್ತದೆ, ಈ ಕಡೆ ಜಗ್ಗುತ್ತದೆ. ಓಡಲಾಗದೆ ಕೊನೆಗೆ ಗೂಟದ ಪಕ್ಕದಲ್ಲೇ ಮಲಗುತ್ತದೆ. ಕರು ಎಂದರೆ ಮನಸ್ಸು. ಗೂಟ ಎಂದರೆ ಉಸಿರು. ಹಗ್ಗ ಎಂದರೆ ಎಚ್ಚರ.

ಹಳ್ಳಿಯಲ್ಲಿ ಕರು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರು ಜಗ್ಗಿತು ಎಂದು ಯಾರೂ ಅದಕ್ಕೆ ಬಡಿಯುವುದಿಲ್ಲ. ಜಗ್ಗುವುದು ಅದರ ಗುಣ. ಹಗ್ಗ ಇದ್ದರೆ ಸಾಕು. ಗೀತೆಯ ಅದೇ ಆರನೇ ಅಧ್ಯಾಯವೂ ಇದನ್ನೇ ಹೇಳುತ್ತದೆ: ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಅದನ್ನು ತಿರುಗಿ ಕರೆತರಬೇಕು. ಹೋಗದಂತೆ ತಡೆಯಬೇಕು ಎಂದು ಅಲ್ಲಿ ಇಲ್ಲ, ಗಮನಿಸಿ. ಹೋಗುತ್ತದೆ ಎಂದು ಮೊದಲೇ ಒಪ್ಪಿಕೊಂಡ ಮಾತು ಅದು.

ಕೂತಾಗ ಒಳಗೆ ನಡೆಯುವುದು ಒಂದು ಸುತ್ತು. ಗಮನ ಉಸಿರಿನ ಮೇಲಿರುತ್ತದೆ. ಗೊತ್ತಾಗದ ಹಾಗೆ ಜಾರುತ್ತದೆ. ಜಾರಿದ್ದು ಗೊತ್ತಾಗುತ್ತದೆ. ಮತ್ತೆ ಉಸಿರಿಗೆ ಬರುತ್ತೇವೆ. ಇದು 10 ನಿಮಿಷದಲ್ಲಿ 40 ಸಲ ಆಗಬಹುದು. ಜಿಮ್ಮಿನಲ್ಲಿ ಡಂಬೆಲ್ ಎತ್ತುವವನು "ಅಯ್ಯೋ, ಮತ್ತೆ ಕೆಳಗೆ ಬಂತಲ್ಲ" ಎಂದು ಬೇಜಾರು ಮಾಡಿಕೊಳ್ಳುತ್ತಾನಾ? ಕೆಳಗೆ ಬಂದರೆ ತಾನೇ ಮತ್ತೆ ಎತ್ತುವುದು. 40 ಸಲ ಮನಸ್ಸು ಓಡಿ 40 ಸಲ ಕರೆತಂದಿದ್ದರೆ ಅವತ್ತು ನಿಮ್ಮ ಕಸರತ್ತು ಚೆನ್ನಾಗಿಯೇ ಆಗಿದೆ.

2011ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಡ್ಸನ್ ಬ್ರೂವರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಧ್ಯಾನ ಮಾಡಿದವರನ್ನೂ ಹೊಸಬರನ್ನೂ ಸ್ಕ್ಯಾನ್ ಮಾಡಿ ಹೋಲಿಸಿದರು. ಆ ಡಿಫಾಲ್ಟ್ ಜಾಲದ ಮುಖ್ಯ ಭಾಗಗಳು ಪಳಗಿದವರಲ್ಲಿ ಕಡಿಮೆ ಗದ್ದಲ ಮಾಡುತ್ತಿದ್ದವು. ಕರು ಮಲಗಿತ್ತು ಎಂದಿಟ್ಟುಕೊಳ್ಳಿ.

ಉಸಿರೇ ಯಾಕೆ ಬೇಕು

ಒಂದು ಕಾರಣ, ಅದು ಯಾವಾಗಲೂ ಜೊತೆಗಿರುತ್ತದೆ. ಬಿಎಂಟಿಸಿ ಬಸ್ಸಿನಲ್ಲೂ ಇರುತ್ತದೆ, ಆಸ್ಪತ್ರೆಯ ಬೆಂಚಿನ ಮೇಲೂ ಇರುತ್ತದೆ, ದುಡ್ಡೂ ಕೊಡಬೇಕಿಲ್ಲ. ಇನ್ನೊಂದು ಕಾರಣ ಇನ್ನೂ ಸ್ವಾರಸ್ಯದ್ದು. ಹೃದಯದ ಬಡಿತ, ಜೀರ್ಣಕ್ರಿಯೆ ಇವೆಲ್ಲ ನಮ್ಮ ಮಾತು ಕೇಳುವುದಿಲ್ಲ. ಉಸಿರು ಮಾತ್ರ ಎರಡೂ ಕಡೆಯದು. ಬಿಟ್ಟರೆ ತಾನಾಗಿ ನಡೆಯುತ್ತದೆ, ಹಿಡಿದರೆ ಹೇಳಿದಂತೆ ಕೇಳುತ್ತದೆ.

ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿ. ನಿಧಾನವಾಗಿ ಉಸಿರೆಳೆದುಕೊಳ್ಳಿ, ಇನ್ನೂ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ಒಂದಿಷ್ಟು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ವಯಸ್ಸಾದವರಲ್ಲಿ ಈ ವ್ಯತ್ಯಾಸ ಸಣ್ಣದು, ಬೆರಳಿಗೆ ಸಿಗದೆಯೂ ಇರಬಹುದು. ಮೆದುಳಿನ ಬುಡದಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರ ಹೃದಯಕ್ಕೆ ಬ್ರೇಕ್ ಇದ್ದ ಹಾಗೆ. ಉಸಿರು ಬಿಡುವಾಗ ಬ್ರೇಕ್ ಹಿಡಿಯುತ್ತದೆ, ಎಳೆದುಕೊಳ್ಳುವಾಗ ಸಡಿಲಾಗುತ್ತದೆ. ದೊಡ್ಡವರು ಆರಾಮಾಗಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು ನಿಮಿಷಕ್ಕೆ 6ರ ಹತ್ತಿರ ತಂದರೆ ಈ ಬ್ರೇಕಿನ ಏರಿಳಿತ ತುಂಬ ದೊಡ್ಡದಾಗುತ್ತದೆ, ಮೈಯೂ ಸಡಿಲಾಗುತ್ತದೆ. ಸಿಟ್ಟು ಬಂದಾಗ "ದೊಡ್ಡದಾಗಿ ಉಸಿರು ಬಿಡು" ಎಂದು ಮನೆಯ ಹಿರಿಯರು ಹೇಳುವುದರಲ್ಲಿ ಅರ್ಥ ಇದೆ ಅಲ್ವಾ.

ಇಲ್ಲಿ ಒಂದು ಗೊಂದಲ ಬರುತ್ತದೆ. ಉಸಿರನ್ನು ಹೀಗೆ ಬೇಕೆಂದೇ ನಿಧಾನ ಮಾಡುವುದು ಪ್ರಾಣಾಯಾಮದ ದಾರಿ. ಧ್ಯಾನದಲ್ಲಿ ಉಸಿರನ್ನು ನಡೆಸುವುದಿಲ್ಲ, ನೋಡುತ್ತೇವೆ. ಅದು ಗಿಡ್ಡ ಇದ್ದರೆ ಗಿಡ್ಡ, ಉದ್ದ ಇದ್ದರೆ ಉದ್ದ. ನಾನು ಮೊದಲ ಒಂದು ನಿಮಿಷ ಐದಾರು ನಿಧಾನದ ಉಸಿರು ತೆಗೆದುಕೊಂಡು ಆಮೇಲೆ ಬಿಟ್ಟುಬಿಡುತ್ತೇನೆ. ಹೀಗೆ ಮಾಡಿದರೆ ನೋಡುವುದಕ್ಕೆ ಕೂರುವುದು ಸುಲಭ.

ಕೂರುವ ಬಗೆ

ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರಲು ಆದರೆ ಒಳ್ಳೆಯದು. ಕುಂಡಿಯ ಕೆಳಗೆ ಮಾತ್ರ ಒಂದು ಗಟ್ಟಿ ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಹಾಕಿಕೊಳ್ಳಿ. ಮಂಡಿ ಸೊಂಟಕ್ಕಿಂತ ಕೆಳಗೆ ಬರಬೇಕು. ಆಗ ಬೆನ್ನು ತಾನೇ ನೆಟ್ಟಗಾಗುತ್ತದೆ, ಎಳೆದು ಹಿಡಿಯಬೇಕಾಗಿಲ್ಲ. ಮಂಡಿ ನೋವಿದ್ದರೆ ಕುರ್ಚಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಪಾದ ನೆಲಕ್ಕೆ ಊರಿರಲಿ, ಬೆನ್ನು ಕುರ್ಚಿಗೆ ಒರಗದಿದ್ದರೆ ಇನ್ನೂ ಚೆನ್ನ. ಹಾಸಿಗೆಯ ಮೇಲೆ ಮಾತ್ರ ಬೇಡ. ಹಾಸಿಗೆಗೆ ಗೊತ್ತಿರುವುದು ಒಂದೇ ಕೆಲಸ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, 5 ನಿಮಿಷಕ್ಕೆ ಟೈಮರ್ ಇಡಿ. ಹೌದು, ಐದೇ. ಮೊದಲ ವಾರ ಇಷ್ಟು ಸಾಕು, ಆಮೇಲೆ ಹತ್ತು ಮಾಡಿಕೊಳ್ಳಿ. ಟೈಮರ್ ಇಲ್ಲದಿದ್ದರೆ "ಎಷ್ಟಾಯಿತೋ" ಎಂದು ಗಡಿಯಾರ ನೋಡುವ ಚಟ ಶುರುವಾಗುತ್ತದೆ.

ಉಸಿರನ್ನು ಎಲ್ಲಿ ನೋಡಬೇಕು? ಮೂಗಿನ ಹೊಳ್ಳೆಯ ತುದಿಯಲ್ಲಿ ಗಾಳಿ ಒಳಗೆ ಬರುವಾಗ ತಣ್ಣಗೆ, ಹೋಗುವಾಗ ಬೆಚ್ಚಗೆ ತಾಗುತ್ತದೆ. ಅಲ್ಲಿ ನೋಡಬಹುದು. ಅದು ತೀರಾ ಸೂಕ್ಷ್ಮ ಅನ್ನಿಸಿದರೆ ಹೊಟ್ಟೆ ಉಬ್ಬುವುದನ್ನು, ಇಳಿಯುವುದನ್ನು ನೋಡಿ. ಬರ್ಮಾದ ಬೌದ್ಧ ಗುರು ಮಹಾಸಿ ಸಯಾಡೊ ಅವರ ಪರಂಪರೆಯಲ್ಲಿ ಹೊಟ್ಟೆಯನ್ನೇ ನೋಡಲು ಹೇಳುತ್ತಾರೆ. ಯಾವುದಾದರೂ ಒಂದು ಇರಲಿ. ಇವತ್ತು ಮೂಗು, ನಾಳೆ ಹೊಟ್ಟೆ ಎಂದು ಗೂಟ ಕಿತ್ತು ಕಿತ್ತು ನೆಡಬೇಡಿ.

ತೀರಾ ಗಡಿಬಿಡಿಯ ಮನಸ್ಸಿಗೆ ಎಣಿಕೆ ಒಳ್ಳೆಯ ಆಸರೆ. ಉಸಿರು ಬಿಟ್ಟಾಗೊಮ್ಮೆ ಮನಸ್ಸಿನಲ್ಲೇ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ. ಹತ್ತಾದ ಮೇಲೆ ಮತ್ತೆ ಒಂದು. ಮಧ್ಯೆ ಲೆಕ್ಕ ತಪ್ಪಿದರೂ ಒಂದು. ಸುಲಭ ಎನಿಸುತ್ತದೆ. ಮೊದಲ ದಿನಗಳಲ್ಲಿ ನನಗೆ ನಾಲ್ಕು ದಾಟುವುದೇ ಕಷ್ಟವಾಗುತ್ತಿತ್ತು. ಇನ್ನು ಕೆಲವು ಸಲ ಹದಿನೇಳು, ಹದಿನೆಂಟು ಎಂದು ಎಣಿಸಿಕೊಂಡು ಹೋಗುತ್ತಿರುವುದು ಗೊತ್ತಾಗಿ ನಗು ಬರುತ್ತಿತ್ತು. ಬಾಯಿ ಎಣಿಸುತ್ತಿತ್ತು, ನಾನು ಎಲ್ಲೋ ಇದ್ದೆ.

ಕೂರುವ ಮೊದಲು ಒಂದು ಚೀಟಿಯಲ್ಲಿ ಬಾಕಿ ಕೆಲಸಗಳನ್ನು ಬರೆದಿಡಿ. ಇದು ನನ್ನ ಪಾಲಿಗೆ ದೊಡ್ಡ ಉಪಾಯ. ಮುಗಿಯದ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು 1927ರಲ್ಲಿಯೇ ಬ್ಲೂಮಾ ಝೈಗಾರ್ನಿಕ್ ಎಂಬ ಸಂಶೋಧಕಿ ಬರೆದಿದ್ದರು. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಃಶಾಸ್ತ್ರಜ್ಞರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಕೆಲಸ ಮುಗಿಸಲೇಬೇಕೆಂದಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಎಂದು ಗೊತ್ತು ಮಾಡಿಕೊಂಡರೂ ಅದು ತಲೆ ತಿನ್ನುವುದು ಕಡಿಮೆಯಾಗುತ್ತದೆ. "ಗ್ಯಾಸ್: ತಿಂಡಿ ಆದ ಮೇಲೆ ಬುಕ್ ಮಾಡುವುದು" ಎಂದು ಬರೆದಿಟ್ಟರೆ ಸಿಲಿಂಡರ್ ಅಷ್ಟಾಗಿ ಬಂದು ಕಾಡುವುದಿಲ್ಲ.

ತೂಕಡಿಕೆ, ಜೋಮು, ಬೇಸರ

ಎರಡು ಮೂರು ದಿನ ಕೂತ ಮೇಲೆ ಹೊಸ ಅತಿಥಿಗಳು ಬರುತ್ತಾರೆ. ಮೊದಲನೆಯವನು ತೂಕಡಿಕೆ. ತೂಕಡಿಕೆ ಬಂದರೆ ನಿಮಗೆ ನಿದ್ದೆ ಸಾಲುತ್ತಿಲ್ಲ ಎಂದೇ ಜಾಸ್ತಿ ಸಲ ಅರ್ಥ. ಮೊದಲು ನಿದ್ದೆ ಮಾಡಿ. ಊಟ ಆದ ತಕ್ಷಣವೂ ಕೂರಬೇಡಿ, ಅದರಲ್ಲೂ ಮಧ್ಯಾಹ್ನ ಮುದ್ದೆ ಊಟ ಆಗಿದ್ದರೆ ಕೇಳುವುದೇ ಬೇಡ. ಕಣ್ಣನ್ನು ಅರ್ಧ ತೆರೆದು ಎದುರಿನ ನೆಲ ನೋಡಿದರೆ ಸ್ವಲ್ಪ ವಾಸಿ.

ಕಾಲು ಜೋಮು ಹಿಡಿದರೆ ಕಾಲು ಬದಲಿಸಿ. ಅದಕ್ಕೇನೂ ಪಾಪ ಬರುವುದಿಲ್ಲ. ಕೆರೆತ ಬಂದರೆ ಮಾತ್ರ ಒಂದು ಆಟ ಆಡಿ ನೋಡಿ. ತಕ್ಷಣ ಕೆರೆಯದೆ ಅದನ್ನೇ ಗಮನಿಸಿ. ಹೆಚ್ಚುತ್ತದೆ, ಇನ್ನೂ ಹೆಚ್ಚುತ್ತದೆ, ಆಮೇಲೆ ಎಷ್ಟೋ ಸಲ ತಾನೇ ಮಾಯವಾಗುತ್ತದೆ. ಬೇಡದ ಸಂದೇಶಕ್ಕೆ ತಕ್ಷಣ ಉತ್ತರ ಬರೆಯಬೇಕೆಂಬ ತುರಿಕೆಯೂ ಇದೇ ಜಾತಿಯದು ಎಂದು ನನಗೆ ಹೊಳೆದದ್ದು ಮೂಗಿನ ಮೇಲೆ ಕೂತ ಒಂದು ನೊಣದಿಂದ.

ಬೇಸರ ಎಲ್ಲರಿಗಿಂತ ಗಟ್ಟಿ. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೋತಿ ವಿಲ್ಸನ್ ಮತ್ತು ಸಂಗಡಿಗರು ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬೊಬ್ಬರನ್ನೇ ಕೂರಿಸಿದರು. ಜೊತೆಗೆ ಫೋನಿಲ್ಲ, ಪುಸ್ತಕವಿಲ್ಲ. ಬೇಕಿದ್ದರೆ ಒತ್ತಲು ಕರೆಂಟ್ ಶಾಕ್ ಕೊಡುವ ಒಂದು ಗುಂಡಿ ಮಾತ್ರ ಇತ್ತು. ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಕೊಡಲೂ ತಯಾರು ಎಂದಿದ್ದ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ, ಆ 15 ನಿಮಿಷದಲ್ಲಿ ಕನಿಷ್ಠ ಒಂದು ಸಲವಾದರೂ ಗುಂಡಿ ಒತ್ತಿಕೊಂಡರು. ತಮ್ಮ ಜೊತೆ ತಾವೇ ಕೂರುವುದು ಅಷ್ಟು ಕಷ್ಟ! ಹಾಗಾಗಿ ಮೂರನೇ ನಿಮಿಷಕ್ಕೆ ನಿಮಗೆ ಎದ್ದು ಓಡಬೇಕು ಅನ್ನಿಸಿದರೆ ನೀವೊಬ್ಬರೇ ಅಲ್ಲ. ಬೇಸರವನ್ನೇ ನೋಡಿ. ಅದು ಮೈಯಲ್ಲಿ ಎಲ್ಲಿದೆ? ಎದೆಯಲ್ಲೋ, ಕಾಲಿನಲ್ಲೋ?

ಹಳೆಯ ಕೋಪ, ದುಃಖ ಎದ್ದು ಬಂದರೆ ಒಂದು ಹೆಸರು ಕೊಡಿ. "ಕೋಪ", "ಭಯ", "ಹೊಟ್ಟೆಕಿಚ್ಚು", ಒಂದೇ ಮಾತು. ಕಥೆ ಬೇಡ. ಭಾವನೆಗೆ ಮಾತಿನಲ್ಲಿ ಹೆಸರು ಕೊಟ್ಟಾಗ ಮೆದುಳಿನಲ್ಲಿ ಭಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗ ತಣ್ಣಗಾಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಸ್ಕ್ಯಾನ್‌ನಲ್ಲಿ ಕಂಡಿದ್ದಾರೆ. ಹೆಸರು ಕೊಟ್ಟು ಉಸಿರಿಗೆ ವಾಪಸ್ ಬನ್ನಿ.

ಉಸಿರು ಒಗ್ಗದವರಿಗೆ

ಕೆಲವರಿಗೆ ಉಸಿರನ್ನು ನೋಡಿದರೆ ಉಸಿರು ಕಟ್ಟಿದ ಹಾಗಾಗುತ್ತದೆ. ದಮ್ಮು ಇರುವವರಿಗೆ, ಗಾಬರಿ ಜಾಸ್ತಿ ಇರುವವರಿಗೆ ಇದು ಆಗುವುದುಂಟು. ಗೂಟ ಉಸಿರೇ ಆಗಬೇಕೆಂದೇನೂ ಇಲ್ಲ.

ನಮ್ಮಲ್ಲಿ ಇದಕ್ಕೆ ಬರವೇ ಇಲ್ಲ. ಬೆಳಿಗ್ಗೆ ಜಪಸರ ಹಿಡಿದು ಕೂರುವ ಅಜ್ಜಿ, ರಾಮಕೋಟಿ ಬರೆಯುವ ತಾತ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ನೆಟ್ಟು ನೋಡುವವರು, ಇವರೆಲ್ಲ ಗಮನಕ್ಕೆ ಒಂದು ಗೂಟ ಹುಡುಕಿಕೊಂಡವರೇ. ಭಕ್ತಿಯ ಲೆಕ್ಕ ಬೇರೆ ಇದೆ, ಅದನ್ನು ನಾನು ಇಲ್ಲಿ ಅಳೆಯಲು ಹೋಗುವುದಿಲ್ಲ. ಹಾರ್ವರ್ಡ್‌ನ ಹೃದಯ ತಜ್ಞ ಹರ್ಬರ್ಟ್ ಬೆನ್ಸನ್ ಮಹರ್ಷಿ ಮಹೇಶ್ ಯೋಗಿ ಅವರ ಪದ್ಧತಿಯಲ್ಲಿ ಮಂತ್ರ ಜಪಿಸುವವರನ್ನು ಪರೀಕ್ಷೆ ಮಾಡಿದ್ದರು. ಅವರ ದೇಹ ಬಳಸುವ ಆಮ್ಲಜನಕ, ಉಸಿರಿನ ವೇಗ ಎಲ್ಲ ಇಳಿಯುತ್ತಿತ್ತು. 1975ರಲ್ಲಿ ಅವರು ಹೇಳಿದ್ದು, ಯಾವುದೇ ಪದ ಅಥವಾ ಪ್ರಾರ್ಥನೆ ಆದೀತು. ಅದನ್ನು ಮತ್ತೆ ಮತ್ತೆ ಹೇಳಬೇಕು, ಬೇರೆ ಯೋಚನೆ ಬಂದರೆ ತಲೆಕೆಡಿಸಿಕೊಳ್ಳದೆ ಪದಕ್ಕೆ ಮರಳಬೇಕು, ಅಷ್ಟೇ. ಇಲ್ಲೂ ಮರಳುವುದೇ ಬಂತು, ನೋಡಿ.

ಕೂರಲೇ ಆಗದವರಿಗೆ ನಡಿಗೆ ಇದೆ. ಟೆರೇಸಿನಲ್ಲೋ ವರಾಂಡದಲ್ಲೋ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ. ಪಾದ ಎದ್ದದ್ದು, ಮುಂದೆ ಹೋದದ್ದು, ನೆಲಕ್ಕೆ ತಾಗಿದ್ದು, ಅದನ್ನೇ ಗಮನಿಸಿ. ಪಕ್ಕದ ಮನೆಯವರು ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳಬಹುದು. ಇರಲಿ.

ಫಲ ಯಾವಾಗ, ಎಷ್ಟು

ಇದನ್ನು ಬಣ್ಣ ಹಚ್ಚದೆ ಹೇಳಬೇಕು. ಜಾನ್ ಕಬಾಟ್-ಝಿನ್ ಎಂಬುವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಔಷಧಿಯಿಂದ ಪೂರ್ತಿ ವಾಸಿಯಾಗದ ನೋವಿನ ರೋಗಿಗಳಿಗೆ ಧ್ಯಾನ ಹೇಳಿಕೊಡಲು ಶುರು ಮಾಡಿದರು. ಅದು 8 ವಾರಗಳ ಪಾಠವಾಗಿ ಬೆಳೆಯಿತು. ಆಮೇಲೆ ನಡೆದ ಸಂಶೋಧನೆಗಳಲ್ಲಿ ಬಹಳಷ್ಟು ಇದೇ ಅಳತೆ ಹಿಡಿದವು. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 47 ಪ್ರಯೋಗಗಳನ್ನು, ಒಟ್ಟು 3,515 ಜನರನ್ನು ಒಟ್ಟಿಗೆ ಇಟ್ಟು ನೋಡಿದರು. ಆತಂಕ, ಖಿನ್ನತೆ, ನೋವು ಇವು ಸ್ವಲ್ಪ ಕಡಿಮೆಯಾಗುತ್ತವೆ ಎನ್ನಲು ಮಧ್ಯಮ ಮಟ್ಟದ ಆಧಾರ ಸಿಕ್ಕಿತು. ವ್ಯಾಯಾಮ, ಔಷಧಿಯಂಥ ಬೇರೆ ಚಿಕಿತ್ಸೆಗಳಿಗಿಂತ ಇದೇ ಮೇಲು ಎನ್ನಲು ಆಧಾರ ಸಿಗಲಿಲ್ಲ. ಹಾಗಾಗಿ ಧ್ಯಾನದಿಂದ ಶುಗರ್ ಹೋಗುತ್ತದೆ, ಮಾತ್ರೆ ಬಿಡಿ ಎನ್ನುವ ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡಿ.

ನನಗೆ ಗೊತ್ತಾದ ಮೊದಲ ಬದಲಾವಣೆ ಚಾಪೆಯ ಮೇಲೆ ಆಗಲಿಲ್ಲ. ಐದಾರು ವಾರ ಕಳೆದಿರಬೇಕು. ಮನೆಯಲ್ಲಿ ಏನೋ ಸಣ್ಣ ಮಾತಿಗೆ ಬಾಯಿ ತೆರೆದೆ. ಮಾತು ಹೊರಗೆ ಬರುವ ಮೊದಲೇ "ಓ, ಸಿಟ್ಟು ಬಂದಿದೆ" ಎಂದು ಗೊತ್ತಾಯಿತು. ಬೈದೆ, ಅದು ಬೇರೆ ವಿಷಯ. ಆದರೆ ಮಧ್ಯದಲ್ಲಿ ಒಂದು ಸಂದು ಕಾಣಿಸಿತ್ತು. ಚಾಪೆಯ ಮೇಲೆ ಕರು ಜಗ್ಗಿದ್ದು ಗೊತ್ತಾಗುತ್ತಿತ್ತಲ್ಲ, ಅದೇ ಎಚ್ಚರ ಇಲ್ಲಿ ಅಡುಗೆಮನೆಯವರೆಗೂ ಬಂದಿತ್ತು.

ಅಭ್ಯಾಸ ಆಗುವುದಕ್ಕೆ 21 ದಿನ ಸಾಕು ಎನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹಿಂಬಾಲಿಸಿ ನೋಡಿದಾಗ ಒಂದು ಹೊಸ ಕೆಲಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಹಿಡಿದ ನಡುಮಟ್ಟದ ಕಾಲ 66 ದಿನ. ಕೆಲವರಿಗೆ 18, ಕೆಲವರಿಗೆ 254ರ ಹತ್ತಿರ. ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ ಎಂಬುದೂ ಅವರಿಗೆ ಕಂಡಿತು. ಮದುವೆ ಮನೆಗೆ ಹೋಗಿ ಎರಡು ದಿನ ಬಿಟ್ಟುಹೋಯಿತೆಂದು ಚಾಪೆ ಸುತ್ತಿಡುವವರು ಇದನ್ನು ನೆನಪಿಡಿ. ದಿನಾ ತಪ್ಪದೆ ಮಾಡುವ ಯಾವುದಾದರೂ ಕೆಲಸಕ್ಕೆ ಅಂಟಿಸಿದರೆ ಸುಲಭ. ನನ್ನದು ಹಲ್ಲುಜ್ಜಿದ ಮೇಲೆ, ಕಾಫಿಗೆ ಮೊದಲು. ಕಾಫಿ ಕಾಯುತ್ತಿದೆ ಎಂಬ ಆಸೆಗೆ ಬೇಗ ಕೂರುತ್ತೇನೆ, ಸುಳ್ಳು ಯಾಕೆ ಹೇಳಲಿ.

ಹುಷಾರಾಗಿರಬೇಕಾದ ಕಡೆ

ಎಸ್.ಎನ್. ಗೋಯೆಂಕಾ ಅವರ ವಿಪಶ್ಯನ ಎಂಬ ಬೌದ್ಧ ಧ್ಯಾನ ಪದ್ಧತಿಯ ಶಿಬಿರಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ಅವರು 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ಮುಖ್ಯ ಕೇಂದ್ರ ಮಹಾರಾಷ್ಟ್ರದ ಇಗತ್ಪುರಿಯಲ್ಲಿದೆ, ಬೆಂಗಳೂರಿನ ಹೊರಗೆ ಆಲೂರಿನಲ್ಲೂ ಒಂದಿದೆ. 10 ದಿನ ಫೋನಿಲ್ಲ, ಕೊನೆಯ ದಿನ ಬಿಟ್ಟರೆ ಮಾತೂ ಇಲ್ಲ. ಮೊದಲ ಮೂರು ದಿನ ಬರೀ ಮೂಗಿನ ಹತ್ತಿರದ ಉಸಿರು. ದಿನಕ್ಕೆ ಸುಮಾರು 10 ಗಂಟೆ ಕೂರಬೇಕು. ಫೀಸು ಇಲ್ಲ, ಮುಗಿಸಿದವರು ಕೊಡುವ ದೇಣಿಗೆಯಲ್ಲೇ ನಡೆಯುತ್ತದೆ. ಒಳ್ಳೆಯ ಪದ್ಧತಿ. ಆದರೆ ಇದುವರೆಗೆ 10 ನಿಮಿಷವೂ ಕೂರದವರು ಮನಸ್ಸು ಕೆಟ್ಟಿದೆ ಎಂದು ನೇರವಾಗಿ ಅಲ್ಲಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಈಜು ಬಾರದವರು ಮೊದಲು ಮಂಡಿ ಮಟ್ಟದ ನೀರಿಗೆ ಇಳಿಯಲಿ.

ಯಾಕೆಂದರೆ ಧ್ಯಾನ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ತಂಪಲ್ಲ. 2020ರಲ್ಲಿ ಪ್ರಕಟವಾದ ಒಂದು ಪರಿಶೀಲನೆ 83 ಅಧ್ಯಯನಗಳನ್ನು ನೋಡಿ, ನೂರಕ್ಕೆ ಸುಮಾರು 8 ಜನರಿಗೆ ಏನಾದರೂ ಕೆಟ್ಟ ಅನುಭವ ಆಗಿದೆ ಎಂದು ಅಂದಾಜು ಮಾಡಿತು. ಹೆಚ್ಚಾಗಿ ಆತಂಕ, ಖಿನ್ನತೆ. ದೊಡ್ಡ ಆಘಾತ ಕಂಡವರಿಗೆ, ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ ಕಣ್ಣು ಮುಚ್ಚಿ ಕೂತಾಗ ಹಳೆಯದೆಲ್ಲ ನುಗ್ಗಿ ಬರಬಹುದು. ಅಂಥವರು ಮೊದಲು ತಮ್ಮ ಡಾಕ್ಟರ್ ಹತ್ತಿರ ಮಾತಾಡಲಿ. ಕೂತಷ್ಟೂ ಗಾಬರಿ ಹೆಚ್ಚುತ್ತಿದ್ದರೆ ನಿಲ್ಲಿಸಿ, ಕಣ್ಣು ಬಿಟ್ಟು ಎದ್ದು ಓಡಾಡಿ. ರಾತ್ರಿಯೆಲ್ಲ ನಿದ್ದೆ ಇಲ್ಲ, ಬದುಕುವುದೇ ಬೇಡ ಎನ್ನುವಂಥ ಯೋಚನೆ ಬರುತ್ತಿದೆ ಎಂದಾದರೆ ಅದಕ್ಕೆ ಚಾಪೆ ಮದ್ದಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ನಿಂತಿರುವ ಮುಖ್ಯ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಉಳಿದವರು ನಾಳೆ ಬೆಳಿಗ್ಗೆ ಕೂತು ನೋಡಿ. ಟೈಮರ್ ಹೊಡೆದ ಕೂಡಲೇ ಚಂಗನೆ ಏಳಬೇಡಿ, ಫೋನಿಗೂ ಕೈ ಹಾಕಬೇಡಿ. ಕಣ್ಣು ಮುಚ್ಚಿಕೊಂಡೇ ಸುತ್ತಲಿನ ಸದ್ದು ಕೇಳಿ. ಪಕ್ಕದ ಮನೆಯ ಕುಕ್ಕರ್ ಕೂಗುತ್ತಿರಬಹುದು, ಯಾರೋ ಅಂಗಳಕ್ಕೆ ನೀರು ಹಾಕುತ್ತಿರಬಹುದು. ಕೈಕಾಲು ಅಲ್ಲಾಡಿಸಿ, ಜೋಮು ಇಳಿಯಲಿ, ಆಮೇಲೆ ಎದ್ದು ಕಾಫಿಗೆ ನೀರಿಡಿ.